ಬೈ ಟು ಕಾಫಿಯ ಇಪ್ಪತ್ತು ಅಂಗಡಿಗಳು

ಬೆಂಗಳೂರಿಗೆ ಹೊರಟ ನೆಂಟರು, ನೆರೆಯವರು ನನ್ನನ್ನು ಒಂದು ಮಾತು ಕೇಳುತ್ತಾರೆ. ಅಲ್ಲಿ ಒಳ್ಳೆಯ ಕಾಫಿ ಎಲ್ಲಿ ಸಿಗುತ್ತದೆ, ಒಳ್ಳೆಯ ಬೇಕರಿ ಯಾವುದು ಎಂದು. ನನ್ನ ಹತ್ತಿರ ಪಟ್ಟಿ ಇದೆಯೆಂದು ಅವರು ಕೇಳಿ ಬಲ್ಲರು. ಪಟ್ಟಿ ಇರುವುದು ನಿಜ. ಗೆರೆ ಎಳೆದ ನೂರು ಪುಟದ ಪುಸ್ತಕ, ಇಪ್ಪತ್ತು ಅಂಗಡಿಗಳು, ಪ್ರತಿಯೊಂದಕ್ಕೂ ಷರಾ. ಅದನ್ನು ನಾನು ಯಾರಿಗೂ ಕೊಡುವುದಿಲ್ಲ. ಅದು ತಪ್ಪು ಪಟ್ಟಿ.

ಕೋಲಾರದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತನಾದವನು ನಾನು. ಬಸ್ಸು ಬಂದ ಹೊತ್ತು, ಹೊರಟ ಹೊತ್ತು ಬರೆಯುವುದು ನನ್ನ ಕೆಲಸವಾಗಿತ್ತು. ನಾಲ್ಕೂವರೆಗೆ ಏಳುವುದು, ಐದಕ್ಕೆ ಸ್ನಾನ, ಏನು ತಿಂದರೂ ಕುಡಿದರೂ ತಕ್ಷಣ ಎದ್ದು ಕೈ ತೊಳೆದು ಬಾಯಿ ಮುಕ್ಕಳಿಸುವುದು. ಚಿಕ್ಕಂದಿನಲ್ಲಿ ಹಾಸ್ಟೆಲಿನ ವಾರ್ಡನ್ ಕಲಿಸಿದ ಅಭ್ಯಾಸಗಳು. ಅವು ಇವತ್ತಿಗೂ ಹಾಗೆಯೇ ಇವೆ.

ನನ್ನ ಹೆಂಡತಿ ಶ್ರೀನಿವಾಸಪುರದವಳು. ಅವಳ ಅಪ್ಪನಿಗೆ ಮಾವಿನಕಾಯಿ ಮಂಡಿ ಇತ್ತು. ಮಂಡಿಗೆ ಎಲೆಕ್ಟ್ರಾನಿಕ್ ತಕ್ಕಡಿ ಬಂದ ವರ್ಷ ಹಳೆಯ ಕಬ್ಬಿಣದ ತೂಕದ ಕಲ್ಲುಗಳಲ್ಲಿ ನಾಲ್ಕು ನಮ್ಮ ಮನೆಗೆ ಬಂದವು. ಒಂದು ಕೆಜಿಯವು ಎರಡು, ಕೋಣೆಯ ಬಾಗಿಲು ಬಡಿಯದಂತೆ ಒತ್ತಿಗೆ ಇಡಲು. ಅರ್ಧ ಕೆಜಿಯವು ಎರಡು, ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲೆ. ತವರಿನಲ್ಲಿ ಅವರು ಆಡುತ್ತಿದ್ದದ್ದು ತೆಲುಗು. ನನ್ನ ಮನೆಗೆ ಬಂದು ಕನ್ನಡವನ್ನೇ ಆಡಿದರೂ, ಏನಾದರೂ ನಿಜವಾಗಿ ರುಚಿಸಿದರೆ ಮಾತ್ರ ಅವಳ ಬಾಯಲ್ಲಿ "ಬಾಗುಂದಿ" ಎಂದು ಬರುತ್ತಿತ್ತು. ಚೆನ್ನಾಗಿದೆ ಎಂದು. ಸುಮ್ಮನೆ ಹೊಗಳಲು ಅವಳು ಆ ಮಾತು ಬಳಸಿದವಳಲ್ಲ.

ಹೊರಗೆ ಹೋದರೆ ನಮ್ಮದು ಯಾವಾಗಲೂ ಬೈ ಟು ಕಾಫಿ. ಮೊದಲ ಅರ್ಧ ನನಗೆ, ಉಳಿದದ್ದು ಅವಳಿಗೆ. ಮದುವೆಯಾದ ಹೊಸದರಲ್ಲಿ ಹಾಗೆ ಶುರುವಾಯಿತು, ಹಾಗೆಯೇ ನಡೆಯಿತು.

ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ರೂಢಿ ಅವಳಿಗಿತ್ತು. ಎಡಗೆನ್ನೆಯ ಒಳಗೆ ಹುಣ್ಣಾಯಿತು. ಅದು ಮಾಯಲಿಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದರು. ಆರು ವಾರ ಕರೆಂಟ್, ಅಂದರೆ ರೇಡಿಯೇಶನ್, ಕೊಡಬೇಕು, ವಾರಕ್ಕೆ ಐದು ದಿನ, ಎಂದರು. ಡಾಕ್ಟರು ವಯಸ್ಸಿನಲ್ಲಿ ಚಿಕ್ಕ ಹೆಂಗಸು. ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಬಾಯಿ ಬೇಯುತ್ತದೆ, ನಾಲಿಗೆಯ ರುಚಿ ಹೋಗುತ್ತದೆ, ನುಂಗುವುದು ಕಷ್ಟವಾಗುತ್ತದೆ. ಪ್ರತಿ ಸೋಮವಾರ ತೂಕ ನೋಡುತ್ತೇವೆ. ನಲವತ್ತೆಂಟು ಕೆಜಿ ಇದ್ದಾರೆ, ಎರಡು ಮೂರು ಕೆಜಿ ಇಳಿದರೆ ಮೂಗಿನಿಂದ ನಳಿಕೆ ಹಾಕಿ ಆಹಾರ ಕೊಡಬೇಕಾಗುತ್ತದೆ. ಖಾರ ಬೇಡ, ಸುಡುವುದು ಬೇಡ. ಉಗುರು ಬೆಚ್ಚಗೆ ಮೆತ್ತಗೆ ಏನು ಹೋಗುತ್ತದೋ ಕೊಡಿ.

ಹೊರಗಿನ ಬೆಂಚಿನ ಮೇಲೆ ಹಾಗೆ ನಳಿಕೆ ಹಾಕಿಸಿಕೊಂಡ ಹೆಂಗಸೊಬ್ಬಳು ಕುಳಿತಿದ್ದಳು. ಮೂಗಿನ ಮೇಲೆ ಪ್ಲಾಸ್ಟರ್, ಕಿವಿಯ ಹಿಂದೆ ಸಿಕ್ಕಿಸಿದ ನಳಿಕೆಯ ತುದಿ. ನನ್ನ ಹೆಂಡತಿ ಅವಳನ್ನು ಬಹಳ ಹೊತ್ತು ನೋಡಿದಳು.

"ಅದೊಂದು ಬೇಡ ರೀ," ಎಂದಳು. "ಬಾಯಿ ಇದ್ದೂ ಮೂಗಲ್ಲಿ ಕುಡೀಬೇಕಾ."

"ಬೇಡ ಅಂದ್ರೆ ತಿನ್ನಬೇಕು. ಅಷ್ಟೇ ಲೆಕ್ಕ," ಎಂದೆ.

ಆ ದಿನವೇ ವೇಳಾಪಟ್ಟಿ ಹಾಕಿದೆ. ಬೆಳಿಗ್ಗೆ ಐದು ಐವತ್ತರ ಬಸ್ಸು. ಒಂಬತ್ತೂವರೆಗೆ ಕರೆಂಟ್. ಹನ್ನೊಂದಕ್ಕೆ ದಿನಕ್ಕೊಂದು ಹೊಸ ಅಂಗಡಿ. ಒಂದು ಗಂಟೆಯ ಬಸ್ಸಿಗೆ ವಾಪಸು. ಒಳ್ಳೆಯ ಕಾಫಿ, ಒಳ್ಳೆಯ ತಿನಿಸು ಎದುರಿಗಿದ್ದರೆ ಯಾವ ಬಾಯಾದರೂ ತೆರೆಯುತ್ತದೆ ಎಂದು ನಾನು ನಂಬಿದ್ದೆ. ಅಂಗಡಿಗಳ ವಿಳಾಸ ಕೊಟ್ಟವರು ಹಳೆಯ ಡ್ರೈವರ್, ಕಂಡಕ್ಟರ್‌ಗಳು. ಊರೂರು ತಿರುಗಿ ಕಾಫಿ ಕುಡಿದವರು. ಬಸವನಗುಡಿಯ ನಿಂತು ಕುಡಿಯುವ ಹೋಟೆಲು, ಮಲ್ಲೇಶ್ವರದ ಹಿತ್ತಾಳೆ ಫಿಲ್ಟರಿನ ಅಂಗಡಿ, ಜಯನಗರದಲ್ಲಿ ಬಿಸಿ ಬನ್ನು ಹನ್ನೊಂದಕ್ಕೆ ಸರಿಯಾಗಿ ಒಲೆಯಿಂದ ಇಳಿಯುವ ಬೇಕರಿ.

ಐದು ಐವತ್ತರ ಬಸ್ಸಿನ ಕಂಡಕ್ಟರ್ ನಿಲ್ದಾಣದಲ್ಲಿ ನನ್ನ ಕೈಲಿ ಬೈಸಿಕೊಂಡವನು. "ಏನ್ ಸಾರ್, ದಿನಾ ಅಮ್ಮಾವ್ರನ್ನ ಬೆಂಗಳೂರು ಸುತ್ತಿಸ್ತಾ ಇದೀರಾ? ಹನಿಮೂನಾ?" ಎಂದ.

"ಹೂಂ ಕಣಪ್ಪ," ಎಂದಳು ಇವಳು. "ನಲವತ್ತು ವರ್ಷ ಲೇಟು. ಎಲ್ಲಾರ ಬಸ್ಸಿಗೂ ಟೈಮ್ ಹಾಕ್ತಿದ್ರು, ಇವರದ್ದೇ ಬಸ್ಸು ಬರ್ಲಿಲ್ಲ."

ಅವನು ನಕ್ಕ. ನಾನೂ ನಕ್ಕೆ.

ಮೊದಲ ವಾರ ಅವಳು ಚೆನ್ನಾಗಿಯೇ ತಿಂದಳು. ಜಯನಗರದ ಬೇಕರಿಯ ಹನಿ ಕೇಕನ್ನು ಹಾಲಿನಲ್ಲಿ ಅದ್ದಿಕೊಂಡು ಇಡೀ ತುಂಡು ಮುಗಿಸಿದಳು. ಎರಡನೆಯ ಸೋಮವಾರ ತೂಕ ನಲವತ್ತೇಳೂಕಾಲು. ನನ್ನ ಪುಸ್ತಕದಲ್ಲಿ ನಾಲ್ಕು ಅಂಕಣಗಳಿದ್ದವು: ಅಂಗಡಿ, ತಿನಿಸು, ಅಳತೆ, ಅವಳ ಅಭಿಪ್ರಾಯ. ಗಾಜಿನ ಗೋಡೆಯ ಹೊಸ ಕೆಫೆಗಳಲ್ಲಿ ಬೈ ಟು ಇಲ್ಲ. ಒಂದು ಕಡೆ ಮೇಜಿನ ಹತ್ತಿರ ಬಂದ ಹುಡುಗಿ, "ಶೇರ್ ಮಾಡೋದಾದ್ರೆ ದೊಡ್ಡ ಕಪ್ ತಗೊಳ್ಳಿ ಅಂಕಲ್," ಎಂದಳು. ಖಾಲಿ ಕಪ್ ಒಂದು ಕೇಳಿ ನಾನೇ ಅಳೆದು ಸುರಿದೆ. ಆ ಎರಡನೆಯ ವಾರದಿಂದ ಅವಳು ಪ್ರತಿ ಅಂಗಡಿಯಲ್ಲೂ "ಬಾಗುಂದಿ" ಎನ್ನತೊಡಗಿದಳು. ಕೇಳಿದ ತಕ್ಷಣ, ಯೋಚಿಸದೆ. ನಾನು ಸಂತೋಷದಿಂದ ಬರೆದುಕೊಂಡೆ.

ಮೂರನೆಯ ವಾರದಲ್ಲಿ ಒಂದು ದಿನ ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಅವಳು ನನ್ನ ತೋಳು ಹಿಡಿದಳು. "ಇವತ್ತು ಸೀದಾ ಮನೆಗೆ ಹೋಗೋಣ ರೀ. ಮಲ್ಕೋಬೇಕು ಅನ್ನಿಸ್ತಿದೆ."

"ಇಂದಿರಾನಗರದ್ದು ಇದೆ ಇವತ್ತು. ಅರ್ಧ ಗಂಟೆ ಕೆಲಸ. ನಡಿ," ಎಂದೆ.

ಅವಳು ನಡೆದಳು. ಅಲ್ಲಿಯೂ ಬಾಗುಂದಿ ಎಂದಳು. ನಾನು ಎಂದಿನಂತೆ ಕೈ ತೊಳೆಯಲು ಎದ್ದು ಹೋಗಿ ಬಂದೆ. ಅವಳ ಕಪ್ಪು ಖಾಲಿಯಾಗಿತ್ತು. ನನ್ನದರಲ್ಲಿ ಇನ್ನೂ ಕಾಫಿ ಇತ್ತು. ಕುಡಿದು ಮುಗಿಸಿ, ಅಳತೆಯ ಅಂಕಣದಲ್ಲಿ "ಧಾರಾಳ" ಎಂದು ಬರೆದೆ. ಆ ಪುಸ್ತಕದಲ್ಲಿ ಹನ್ನೊಂದು ಅಂಗಡಿಗಳ ಮುಂದೆ ಆ ಒಂದೇ ಪದ ಇದೆ.

ನಾಲ್ಕನೆಯ ಸೋಮವಾರ ಹೊರಡುವಾಗ ಕೋಣೆಯ ಬಾಗಿಲು ಗಾಳಿಗೆ ದಡಾರೆಂದು ಬಡಿಯಿತು. ನೋಡಿದರೆ ಒತ್ತಿಗೆಯ ಕಲ್ಲುಗಳಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಕೇಳಲಿಲ್ಲ. ಸಂಜೆ ನೋಡಿದಾಗ ಎರಡೂ ಸ್ವಸ್ಥಾನದಲ್ಲಿದ್ದವು. ವಸ್ತು ತನ್ನ ಜಾಗಕ್ಕೆ ಬಂದಿದ್ದರೆ ನಾನು ಪ್ರಶ್ನೆ ಕೇಳುವವನಲ್ಲ. ಅವತ್ತಿನ ತೂಕ ನಲವತ್ತೇಳು. "ನೋಡ್ದ್ಯಾ, ಟೈಮ್ ಪ್ರಕಾರ ನಡ್ಕೊಂಡ್ರೆ ಹೀಗೆ," ಎಂದೆ. ಅವಳು ತಲೆಯಾಡಿಸಿದಳು. ಸೀರೆ ಅವಳ ಮೈಮೇಲೆ ಗಳಕ್ಕೆ ಹಾಕಿದಂತೆ ಜೋತಾಡುತ್ತಿತ್ತು. ಕಣ್ಣಿಗೆ ಅದು ಬಿದ್ದಿತ್ತು. ಆದರೆ ಅಂಕಿ ಸರಿಯಾಗಿತ್ತಲ್ಲ, ನಾನು ಅಂಕಿಯನ್ನು ನಂಬಿದೆ.

ಐದನೆಯ ಸೋಮವಾರ ತೂಕದ ಯಂತ್ರದ ಮೇಲೆ ಅವಳು ಕಾಲಿಟ್ಟಳು. ನಲವತ್ತಾರೂವರೆ ತೋರಿಸಿತು. ನರ್ಸು ಬರೆದುಕೊಳ್ಳಲು ಬಗ್ಗಿದರು. ಆಗ ಏನೋ ದಡ್ಡೆಂದು ನೆಲಕ್ಕೆ ಬಿತ್ತು. ಒಂದಾದ ಮೇಲೊಂದು ನಾಲ್ಕು ಸಲ. ಲಂಗದ ಒಳಗೆ ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡಿದ್ದ ಗಂಟು ಜಾರಿತ್ತು. ಕಟ್ಟು ನಿಲ್ಲುವಷ್ಟು ಸೊಂಟ ಅವಳಿಗೆ ಉಳಿದಿರಲಿಲ್ಲ. ಬಾಗಿಲಿನ ಕಲ್ಲು ಎರಡು, ಉಪ್ಪಿನಕಾಯಿಯ ಕಲ್ಲು ಎರಡು. ಯಂತ್ರದ ಅಂಕಿ ನಲವತ್ತಮೂರೂವರೆಗೆ ಇಳಿದು ನಿಂತಿತು.

"ಏನಮ್ಮಾ ಇದು?" ಎಂದರು ನರ್ಸು.

ಅವಳು ನನ್ನ ಕಡೆ ನೋಡಲಿಲ್ಲ. "ನಮ್ಮಪ್ಪ ಮಂಡೀಲಿ ಎಷ್ಟೋ ಜನಕ್ಕೆ ತೂಕದಲ್ಲಿ ಕಮ್ಮಿ ಕೊಟ್ಟಿದ್ದ ಸಿಸ್ಟರ್. ನಾನು ಸರಿ ಮಾಡೋಣ ಅಂತ," ಎಂದಳು. ನರ್ಸು ನಗಲಿಲ್ಲ. ಅವಳ ಭುಜ ಹಿಡಿದು ಕೂರಿಸಿದರು.

ಅವತ್ತು ಹನ್ನೊಂದಕ್ಕೆ ನಾವು ಎಲ್ಲಿಗೂ ಹೋಗಲಿಲ್ಲ. ಬೆಂಚಿನ ಮೇಲೆ ಕುಳಿತು ಅವಳು ಹೇಳಿದಳು. ಎರಡನೆಯ ವಾರದಿಂದಲೇ ನಾಲಿಗೆಗೆ ಏನೂ ಗೊತ್ತಾಗುತ್ತಿರಲಿಲ್ಲ. ಕಾಫಿಯೂ ಒಂದೇ, ಸುಣ್ಣದ ನೀರೂ ಒಂದೇ. ನುಂಗಿದರೆ ಗಂಟಲು ಹರಿದಂತಾಗುತ್ತಿತ್ತು. ನಾನು ಕೈ ತೊಳೆಯಲು ಎದ್ದಾಗ ತನ್ನ ಕಾಫಿಯನ್ನು ನನ್ನ ಕಪ್ಪಿಗೆ ಸುರಿಯುತ್ತಿದ್ದಳು. ಬನ್ನು, ಕೇಕು ಕರವಸ್ತ್ರಕ್ಕೆ ಹೋಗುತ್ತಿದ್ದವು.

"ಹೇಳಬಾರದಾಗಿತ್ತಾ?"

"ಯಾರಿಗೆ ಹೇಳಲಿ? ನೀವು ಪೆನ್ನು ಹಿಡ್ಕೊಂಡು ಕೂತಿರೋರು. ಬಾಗುಂದಿ ಅಂದ್ರೆ ನಿಮ್ಮ ಮುಖ ಅರಳ್ತಿತ್ತು. ನಂಗೂ ನಳಿಕೆ ತಪ್ತಿತ್ತು."

ಅದೇ ಮಧ್ಯಾಹ್ನ ನಳಿಕೆ ಹಾಕಿದರು. ಮೂಗಿನಿಂದ ಗಂಟಲಿಗೆ ಇಳಿಯುವಾಗ ಅವಳು ನನ್ನ ಮಣಿಕಟ್ಟು ಹಿಡಿದಿದ್ದಳು. ಉಗುರಿನ ಗುರುತು ನಾಲ್ಕು ದಿನ ಇತ್ತು. ಎರಡು ವಾರ ಮೊದಲು ಹಾಕಿದ್ದರೆ ಇಷ್ಟು ಸೋಲುತ್ತಿರಲಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ನಿಶ್ಶಕ್ತಿಯಿಂದಾಗಿ ಕರೆಂಟನ್ನು ನಡುವೆ ನಿಲ್ಲಿಸಬೇಕಾಯಿತು. ಮತ್ತೆ ಶುರು ಮಾಡುವ ಸ್ಥಿತಿ ಬರಲಿಲ್ಲ. ಮನೆಗೆ ಕರೆತಂದೆ.

ನಳಿಕೆಯಲ್ಲಿ ರಾಗಿ ಗಂಜಿಯ ತಿಳಿ, ಹಾಲು, ಮೊಟ್ಟೆ ಕದಡಿದ ನೀರು ಕೊಡುವುದನ್ನು ನರ್ಸು ಕಲಿಸಿದ್ದರು. ಎರಡು ಗಂಟೆಗೊಮ್ಮೆ, ಗಡಿಯಾರ ನೋಡಿ. ಆ ಕೆಲಸ ನನಗೆ ಬರುತ್ತಿತ್ತು. ಒಂದು ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತಿದ್ದಾಗ ಮಂಚದಿಂದ ಅವಳು ಕರೆದಳು. ಮಾತು ಆಗಲೇ ತೊದಲುತ್ತಿತ್ತು.

"ಬೈ ಟು ಮಾಡಿ."

ಒಂದು ಲೋಟದ ಕಾಫಿಯನ್ನು ಎರಡು ಮಾಡಿದೆ. ಈ ಸಲ ಮೊದಲ ಅರ್ಧ ಅವಳದು. ಆರಿಸಿ, ಬಟ್ಟೆಯಲ್ಲಿ ಸೋಸಿ, ಸಿರಿಂಜಿಗೆ ತುಂಬಿ ನಿಧಾನವಾಗಿ ಬಿಟ್ಟೆ. ಅವಳು ಕಣ್ಣು ಮುಚ್ಚಿಕೊಂಡಳು. ಕಂದು ಬಣ್ಣ ನಳಿಕೆಯಲ್ಲಿ ಇಳಿದು ಮುಗಿಯಿತು. ಕೊನೆಗೆ ನೀರು ಹಾಯಿಸಿ ನಳಿಕೆಯ ಮುಚ್ಚಳ ಹಾಕಿದೆ. ಕೈ ತೊಳೆಯಲು ಏಳಲಿಲ್ಲ. ಅಲ್ಲೇ ಕುಳಿತೆ.

"ಬರ್ಕೊಳ್ಳಲ್ವಾ?" ಎಂದಳು.

ಪುಸ್ತಕ ತಂದೆ. ಇಪ್ಪತ್ತು ಅಂಗಡಿಗಳ ಕೆಳಗೆ ಇಪ್ಪತ್ತೊಂದನೆಯ ಸಾಲು. ಅಂಗಡಿ: ಮನೆ. ತಿನಿಸು: ಇಲ್ಲ. ಅಳತೆ: ಐವತ್ತು ಎಂಎಲ್. ಅಭಿಪ್ರಾಯದ ಅಂಕಣದಲ್ಲಿ ಏನು ಬರೆಯಲಿ ಎಂದು ಕೇಳಿದೆ.

"ರುಚಿ ಗೊತ್ತಾಗ್ಲಿಲ್ಲ ಅಂತ ಬರೀರಿ," ಎಂದಳು.

ಹಾಗೆಯೇ ಬರೆದೆ. ಅವಳು ಹೋಗಿದ್ದು ಅದಾದ ಒಂಬತ್ತನೆಯ ದಿನ. ಆ ಪಟ್ಟಿಯಲ್ಲಿ ಎರಡನೆಯ ವಾರದಿಂದೀಚೆಗೆ ಸರಿಯಾಗಿರುವ ಸಾಲು ಅದೊಂದೇ.