ಕಿರಣಕೋವಿಯ ಮೇಷ್ಟ್ರು
ತೊಂಬತ್ತರ ದಶಕದಲ್ಲಿ ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಪತ್ತೇದಾರಿ ಕಾದಂಬರಿ ಕೊಂಡವರೆಲ್ಲ ಪುಟ್ಟರುದ್ರಯ್ಯ ಮೇಷ್ಟ್ರನ್ನು ಓದಿದವರೇ. ಅವರ ಕಥೆಗಳಲ್ಲಿ ಮಚ್ಚು, ಪಿಸ್ತೂಲಿಗೆ ಜಾಗವಿಲ್ಲ. ಕೊಲೆ ನಡೆಯುವುದು ಕ್ರಿ.ಶ. ಮೂರು ಸಾವಿರದಲ್ಲಿ, ಕಿರಣ ಉಗುಳುವ ಕೋವಿಯಿಂದ. ಮರಳೂರಿನ ಹೋಟೆಲಿನಲ್ಲಿ ದೋಸೆ ಸೀದರೂ ಸಾಕು, "ನೋಡ್ರಪ್ಪಾ, ಕಿರಣದ ಗಾಯಾನೂ ಹಿಂಗೇ. ಅಂಚು ಕರಕಲು, ರಕ್ತಾನೇ ಬರಲ್ಲ" ಎಂದು ಶುರುಮಾಡುವರು. ಅವರ ಕಥೆಗಳಲ್ಲಿ ಕಿರಣ ತಾಗಿದ ಮರಳು ಕರಗಿ ಗಾಜಾಗುತ್ತದೆ, ಕರೆಂಟಿನ ಕೋವಿಯಿಂದ ಚಿಮ್ಮಿದ ತಾಮ್ರದ ಗುಂಡು ಗೋಡೆಗೆ ತಾಮ್ರ ಬಳಿದು ಹೋಗುತ್ತದೆ, ಏನು ಮಾಡಿದರೂ ಗುರುತು ಅಳಿಯುವುದಿಲ್ಲ. ಮನೆಯಲ್ಲಿ ಪುಟ್ಟತಾಯಮ್ಮ, "ಮೊದ್ಲು ಸಾರು ಯಾಕ್ ಆರೋಯ್ತು ಅಂತ ಪತ್ತೆ ಮಾಡ್ರಿ" ಎಂದು ಗಂಡನನ್ನು ತಿವಿಯುವರು. ಊರೂ ನಗುತ್ತಿತ್ತು, ನಗುವುದಕ್ಕೆ ಊರಿಗೇನು ಖರ್ಚು? ಹೋಟೆಲಿನ ಲಕ್ಕಣ್ಣ ಒಮ್ಮೆ ಕೇಳಿದ: "ಎಲ್ಲಾ ಕೊಲೆಗಾರ್ರೂ ಸಿಕ್ಕಾಕೊಂಡ್ರೆ ಏನ್ ಮಜಾ ಮೇಷ್ಟ್ರೇ? ಒಬ್ಬನ್ನಾದ್ರೂ ಬುಟ್ಬುಡಿ." ಮೇಷ್ಟ್ರು ಲೋಟ ಕೆಳಗಿಟ್ಟರು. ವರ್ಷಗಳ ಹಿಂದೆ ಚೇಳೂರಿನ ಮನೆಯಂಗಳದಲ್ಲಿ ಅವರ ತಮ್ಮನನ್ನು ಊರಿನವನೊಬ್ಬ ನಾಡಕೋವಿಯಿಂದ ಹೊಡೆದಿದ್ದ. ಆಸ್ಪತ್ರೆಯ ದಾರಿಯಲ್ಲೇ ಜೀವ ಹೋಯಿತು. ಒಡಹುಟ್ಟಿದವನ ರಕ್ತವನ್ನು ಯಾರೂ ತುಳಿಯಬಾರದೆಂದು, ಪೊಲೀಸರು ಬರುವ ಮೊದಲೇ ಮೇಷ್ಟ್ರು ಅಂಗಳ ಗುಡಿಸಿ, ತೊಳೆದು, ಸಗಣಿ ಸಾರಿಸಿದ್ದರು. ಸಿಡಿದುಬಿದ್ದ ಸೀಸದ ಚೂರುಗಳು ಕಸದ ಜೊತೆ ತಿಪ್ಪೆ ಸೇರಿದವು. ಹೊಡೆದವನು ಯಾರೆಂದು ಊರಿಗೆಲ್ಲ ಗೊತ್ತಿತ್ತು, ಬಾಯಿಬಿಟ್ಟವರು ಒಬ್ಬರಿಲ್ಲ. ಪುರಾವೆಯಿಲ್ಲವೆಂದು ಕೋರ್ಟು ಅವನನ್ನು ಬಿಟ್ಟು ಕಳಿಸಿತು. "ಒಬ್ಬನ್ನ ಬಿಟ್ಟಿದೀನಿ ಕಣಪ್ಪಾ, ನನ್ ಕೈಯಾರೆ" ಎಂದರು ಮೇಷ್ಟ್ರು. "ಈಗ್ಲೂ ಅವ್ನು ಗುಬ್ಬಿ ಬಸ್ಸಲ್ಲಿ ಸಿಕ್ರೆ, ಎದ್ದು ನಂಗೆ ಸೀಟು ಬಿಟ್ಕೊಡ್ತಾನೆ."