ಮರಿಯ ಉಪವಾಸದ ದಿನ

ಕರಜಗಿಯ ತವರುಮನೆಯಿಂದ ನಾನು ತಂದ ನಾಯಿಮರಿಗೆ ಎರಡೂವರೆ ತಿಂಗಳು. ಜೇವರ್ಗಿಯ ಗಂಡನ ಮನೆಗೆ ಬಂದ ನಾಲ್ಕನೆಯ ಬೆಳಿಗ್ಗೆ ಅದು ಮೂರು ಸಲ ವಾಂತಿ ಮಾಡಿ, ನೀರಿನಂತೆ ಭೇದಿ ಮಾಡಿ, ಬಚ್ಚಲ ಗೋಡೆಗೆ ಒರಗಿ ಕೂತಿತು. ಕರೆದರೆ ಬಾಲವೂ ಆಡಲಿಲ್ಲ. ನನಗೆ ಭಯವಾಯಿತು. ಭಯವಾದರೆ ನಾನು ಯಾರನ್ನಾದರೂ ಬೈಯಲೇಬೇಕು. ಅತ್ತೆ ಎದುರಿಗೇ ಸಿಕ್ಕರು.

“ಎಮ್ಮಿ ಹಾಲು ಹಾಕಬ್ಯಾಡ್ರಿ ಅಂತ ಎಷ್ಟ್ ಸಲ ಹೇಳೇನಿ? ಇದು ಸತ್ರ ನೀವ ಕಾರಣ ನೋಡ್ರಿ!”

ಮನೆ ಬಾಗಿಲಿಗೆ ಬಂದ ಯಾವ ಜೀವವನ್ನೂ ಹಸಿದ ಹೊಟ್ಟೆಯಲ್ಲಿ ಕಳಿಸದ ಹೆಂಗಸು ಅವರು. ಕದ್ದು ಹಾಕಿಯೇ ಇರುತ್ತಾರೆ ಎಂದು ವಿಚಾರಣೆಯಿಲ್ಲದೆ ತೀರ್ಪು ಕೊಟ್ಟುಬಿಟ್ಟಿದ್ದೆ. ಅವರು ಹಳೆಯ ಬಟ್ಟೆ ತಂದು ಮರಿಯ ಬಾಯಿ ಒರೆಸಿದರು.

ಪಶು ಆಸ್ಪತ್ರೆಯ ಡಾಕ್ಟರು ಇಂಜೆಕ್ಷನ್ ಕೊಟ್ಟು, “ಸಂಜೀತನಕ ಏನೂ ತಿನಸಬ್ಯಾಡ್ರಿ. ಓಆರ್‌ಎಸ್ ನೀರು ಚಮಚದಲೆ ಕುಡಸ್ರಿ. ವಾಂತಿ ನಿಂತ್ರ ತೆಳ್ಳನ ಅಕ್ಕಿ ಗಂಜಿ. ರಕ್ತ ಕಂಡ್ರ ಓಡಿ ಬರ್ರಿ,” ಎಂದರು.

ಮನೆಗೆ ಬಂದರೆ ಅತ್ತೆ ತಟ್ಟೆ ಮುಟ್ಟಿರಲಿಲ್ಲ. ಸಕ್ಕರೆ ಕಾಯಿಲೆಯವರು. ಮಧ್ಯಾಹ್ನ ಬಿಸಿ ರೊಟ್ಟಿ ಬಡಿದು ಕೊಟ್ಟರೂ ಬೇಡವೆಂದರು. “ಅದು ಹಸ್ಕೊಂಡು ನನ್ನ ಮಾರಿ ನೋಡಾಕತ್ತದ. ನಾ ಹೆಂಗ ಉಣ್ಲಿ?” ಮೂರು ಗಂಟೆಗೆ ಸಕ್ಕರೆ ಇಳಿದು ಅವರಿಗೆ ಬೆವರು ಬಿಟ್ಟಿತು. ಒತ್ತಾಯ ಮಾಡಿ ಬೆಲ್ಲದ ನೀರು ಕುಡಿಸಿದೆ. ಒಂದು ಮೂಲೆಯಲ್ಲಿ ಮರಿ, ಇನ್ನೊಂದು ಮೂಲೆಯಲ್ಲಿ ಅತ್ತೆ; ನಡುವೆ ಚಮಚ ಹಿಡಿದು ನಾನು ರೇಗುತ್ತಿದ್ದೆ.

ಮರಿ ಮಲಗುವ ಗೋಣಿತಾಟನ್ನು ತೊಳೆಯಲು ಎತ್ತಿದಾಗ ಒಣಗಿದ ವಾಂತಿಯಲ್ಲಿ ರೊಟ್ಟಿಗೆ ನಂಚಿಕೊಳ್ಳುವ ಕೆಂಪು ಖಾರದ ಶೇಂಗಾ ಹಿಂಡಿ ಕಂಡಿತು, ಬೆಳ್ಳುಳ್ಳಿ ಚೂರಿನ ಸಮೇತ. ಹಿಂದಿನ ದಿನ ಊಟದ ಕೊನೆಗೆ, ರೊಟ್ಟಿಯ ತುಂಡಿನಿಂದ ತಟ್ಟೆಯಲ್ಲಿದ್ದ ಹಿಂಡಿ ಒರೆಸಿ, ಮುದ್ದು ಮಾಡುತ್ತ ಮರಿಯ ಬಾಯಿಗೆ ಇಟ್ಟವಳು ನಾನು. ಫೋನ್ ಮಾಡಿದರೆ ಡಾಕ್ಟರು ಗದರಿದರು: “ಖಾರ, ಬೆಳ್ಳುಳ್ಳಿ ಹಾಕಿದ್ರ ಆ ಸಣ್ಣ ಹೊಟ್ಟಿ ತಡೀತದೇನ್ರಿ?” ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ ಮಾಡಿದ್ದೆ.

“ಅತ್ತೀ, ಹಿಂಡಿ ಹಚ್ಚಿದ ರೊಟ್ಟಿ ನಾನ ತಿನಸೇನ್ರಿ. ತಪ್ಪಾತ್ರಿ,” ಎಂದೆ.

“ಹ್ಞೂಂ,” ಎಂದರು.

ಸಂಜೆಗೆ ವಾಂತಿ ನಿಂತಿತ್ತು. ಮರಿ ನಾಲ್ಕು ಚಮಚ ಗಂಜಿ ನೆಕ್ಕಿ ಅತ್ತೆಯ ಸೆರಗಿನ ಮೇಲೆಯೇ ಮಲಗಿತು. ಪಾತ್ರೆಯಲ್ಲಿ ಉಳಿದ ಗಂಜಿಗೆ ಉಪ್ಪು ಹಾಕಿಕೊಂಡು ಅವರು ಕುಡಿದರು. ನಾನೂ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅದು ಅವರಿಗೆ ಗೊತ್ತಿತ್ತು. ನನಗೆ ಮಾತ್ರ ಉಣ್ಣು ಎನ್ನಲಿಲ್ಲ.