ಬಾಣಂತಿ ಕೋಣೆಯ ಏಸಿ

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ನನ್ನ ಮೊಮ್ಮಗಳು ಮುಬೀನಾ ನಿನ್ನೆ ಏಸಿ ಮಿಸ್ತ್ರಿಯಾದಳು. ಕಾಗದದ ಮೇಲಲ್ಲ. ಕಾಗದವನ್ನು ಐಟಿಐನವರು ಹೋದ ವರ್ಷವೇ ಕೊಟ್ಟಿದ್ದಾರೆ, ಅದು ಬೀರುವಿನಲ್ಲಿ ಸೀರೆಗಳ ಕೆಳಗಿದೆ. ಕೆಲಸದಲ್ಲಿ ಮಿಸ್ತ್ರಿಯಾದಳು. ಮೂರು ಜನ ಗಂಡಸರ ಕೈಯಲ್ಲಿ ಆಗದೆ ಹೋದ ಏಸಿಯನ್ನು ಅವಳು ಸರಿಮಾಡಿದಳು. ಆ ಮೂವರಲ್ಲಿ ಮೂರನೆಯವನು ನಾನೇ.

ಸೋತ ಮುದುಕನಿಗೆ ಇಷ್ಟು ಸಂತೋಷವೇ ಎಂದು ಕೇಳಬಹುದು. ಹೌದು, ಇಷ್ಟು ಸಂತೋಷ. ನಿನ್ನೆಯಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಎದುರಿನ ಟೀ ಅಂಗಡಿಯವನು, ಇದು ನಾಲ್ಕನೇ ಸಲ ಸಾಬ್ರೇ, ಬೇಕಾದರೆ ನಾನೇ ಮುಂದಿನದು ಹೇಳಲಾ ಎಂದ. ಅದಕ್ಕೇ ಬರೆಯಲು ಕೂತೆ. ಕಾಗದ ಯಾರಿಗೂ ಹಾಗೆ ಮುಖದ ಮೇಲೆ ಹೇಳುವುದಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಹುಣಸೂರಿನಲ್ಲಿ ಮೊದಲು ಮೋಟಾರಿಗೆ ತಂತಿ ಸುತ್ತುತ್ತಿದ್ದೆ, ಆಮೇಲೆ ಫ್ರಿಜ್, ಆಮೇಲೆ ಏಸಿ. ಒಟ್ಟು ನಲವತ್ತೊಂದು ವರ್ಷ. ಈಗ ಅಂಗಡಿ ನಡೆಸುವವನು ಮಗ ಇಲಿಯಾಸ್. ಮುಬೀನಾ ಅವನ ಮಗಳು. ನಮ್ಮ ಮನೆಮಾತು ಉರ್ದು, ಆದರೆ ನಾನು ಅಕ್ಷರ ಕಲಿತದ್ದು ಕನ್ನಡ ಸ್ಕೂಲಿನಲ್ಲಿ. ಹಾಗಾಗಿ ಮನೆಯವರ ಮಾತನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ಈ ಕಸುಬಿನಲ್ಲಿ ನನಗೆ ಒಂದು ಜಾತಿಯ ಜನರನ್ನು ಕಂಡರೆ ಮೈ ಉರಿಯುತ್ತದೆ. ಅವರಿಗೆ ನಾನು ಇಟ್ಟ ಹೆಸರು ಗ್ಯಾಸ್ ಗಿರಾಕಿಗಳು. ಏಸಿ ತಣ್ಣಗಾಗಲಿಲ್ಲವೇ, ಗ್ಯಾಸ್ ಹೋಗಿದೆ. ಸದ್ದು ಬರುತ್ತಿದೆಯೇ, ಗ್ಯಾಸ್ ಹೋಗಿದೆ. ರಿಮೋಟಿನ ಸೆಲ್ ಮುಗಿದಿದ್ದರೂ ಅವರ ಪ್ರಕಾರ ಗ್ಯಾಸೇ ಹೋಗಿರುತ್ತದೆ. ಜ್ವರ ಬಂದವನಿಗೂ ಕಾಲು ಮುರಿದವನಿಗೂ ಒಂದೇ ಮಾತ್ರೆ ಕೊಡುವ ಡಾಕ್ಟರನ್ನು ಊರು ಬಿಡಿಸುತ್ತಾರೆ. ಇವರನ್ನು ಮಾತ್ರ ಕುರ್ಚಿ ಹಾಕಿ ಕೂರಿಸಿ ಕಾಫಿ ಕೊಡುತ್ತಾರೆ. ಬಣ್ಣದ ಟೀ ಶರ್ಟಿನ ಬೆನ್ನ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿರುತ್ತದಲ್ಲ, ಅದಕ್ಕೆ ಆ ಮರ್ಯಾದೆ.

ವಿಷಯ ಇದು. ಕೆ.ಆರ್. ನಗರದ ಹತ್ತಿರ ಶಿವಣ್ಣ ಎಂಬ ಗದ್ದೆ ಉಳ್ಳ ರೈತರ ಮನೆ. ಪಕ್ಕದಲ್ಲೇ ಅಕ್ಕಿ ಗಿರಣಿ. ಅವರ ಮಗಳು ಕಾವ್ಯ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಮಗು ದಿನ ತುಂಬುವ ಮೊದಲೇ ಹುಟ್ಟಿತ್ತು, ಹಿಡಿಯಷ್ಟು. ಈ ಸಲದ ಬೇಸಿಗೆ ನಿಮಗೆ ಗೊತ್ತಲ್ಲ. ಕೂಸಿನ ಮೈಮೇಲೆಲ್ಲ ಬೆವರುಸಾಲೆ ಎದ್ದು, ಅದು ಹಗಲೆಲ್ಲ ಅಳುತ್ತಿತ್ತು. ಕೋಣೆ ತಂಪಾಗಿರಲಿ ಎಂದು ಡಾಕ್ಟರು ಹೇಳಿದ ಮೇಲೆ ಶಿವಣ್ಣ ಒಂದೂವರೆ ಟನ್ನಿನ ಏಸಿ ತಂದು ಹಾಕಿಸಿದರು. ಮೂರು ವಾರ ಚೆನ್ನಾಗಿ ಓಡಿತು. ಆಮೇಲೆ ಮಂಚದ ಮೇಲಕ್ಕೆ ನೀರು ಸುರಿಯಲು ಶುರುವಾಯಿತು.

ಗೋಡೆಯ ಮೇಲಿನ ಇಂಡೋರ್ ಯೂನಿಟ್ಟಿನ ಒಳಗೆ ಏನಿರುತ್ತದೆ ಎಂದು ಎರಡು ಮಾತು ಹೇಳಬೇಕು. ಮುಚ್ಚಳ ತೆಗೆದರೆ ಜಾಲರಿಯಂಥ ಫಿಲ್ಟರ್. ಅದರ ಹಿಂದೆ ಅಲ್ಯೂಮಿನಿಯಂ ಎಲೆಗಳನ್ನು ಒತ್ತೊತ್ತಾಗಿ ಜೋಡಿಸಿದ ಕಾಯಿಲ್. ತಣ್ಣಗಾಗುವುದು ಅದೇ. ಕಾಯಿಲ್ ಹಿಂದೆ ಬ್ಲೋವರ್, ಅಂದರೆ ಸಣ್ಣ ಸಣ್ಣ ರೆಕ್ಕೆಗಳಿರುವ ಉದ್ದನೆಯ ಉರುಳೆ. ಅದು ತಿರುಗಿ ಕೋಣೆಯ ಗಾಳಿಯನ್ನು ಎಳೆದು, ಕಾಯಿಲ್ ಮೂಲಕ ಹಾಯಿಸಿ, ಮತ್ತೆ ಹೊರಗೆ ದಬ್ಬುತ್ತದೆ. ಗಾಳಿಯಲ್ಲಿನ ಪಸೆ ಕಾಯಿಲ್ ಮೇಲೆ ನೀರಾಗಿ, ಕೆಳಗಿನ ತಟ್ಟೆಗೆ ಇಳಿದು, ಪೈಪಿನಲ್ಲಿ ಹೊರಗೆ ಹೋಗುತ್ತದೆ. ಗಾಳಿ ಸರಿಯಾಗಿ ಆಡದಿದ್ದರೆ ಆ ನೀರು ಕಾಯಿಲ್ ಮೇಲೆಯೇ ಮಂಜುಗಡ್ಡೆ ಕಟ್ಟುತ್ತದೆ. ಗಡ್ಡೆ ಕರಗಿದಾಗ ತಟ್ಟೆ ಹಿಡಿಸದೆ ಕೋಣೆಗೆ ಸುರಿಯುತ್ತದೆ. ಇಷ್ಟೇ ವಿದ್ಯೆ. ಇದಕ್ಕೆ ಟೀ ಶರ್ಟ್ ಬೇಡ.

ಮೊದಲು ಬಂದವನು ಮೈಸೂರಿನ ಒಬ್ಬ ಗ್ಯಾಸ್ ಗಿರಾಕಿ. ಮುಚ್ಚಳವನ್ನೂ ತೆಗೆಯದೆ ಗ್ಯಾಸ್ ತುಂಬಿಹೋದ. ಗ್ಯಾಸ್ ಕಡಿಮೆಯಾದರೂ ಗಡ್ಡೆ ಕಟ್ಟುವುದು ನಿಜ, ಆದರೆ ಕಡಿಮೆಯಾಗಿದೆಯೇ ಎಂದು ಗೇಜ್ ಹಾಕಿ ನೋಡುವುದಕ್ಕೆ ಅವನ ಕೈಗೆ ಏನಾಗಿತ್ತು? ವಾರದಲ್ಲಿ ಮತ್ತೆ ನೀರು. ಎರಡನೆಯವನು ಪೈಪಿನ ಇಳಿಜಾರು ಸಾಲದು ಎಂದು ಗೋಡೆ ಒಡೆದು ಯೂನಿಟ್ಟನ್ನೇ ಓರೆಯಾಗಿ ನೇತುಹಾಕಿದ. ಅದು ಮದುವೆ ಮನೆಯಲ್ಲಿ ಕುಡಿದು ನಿಂತವನ ಪೇಟದ ಹಾಗೆ ಕಾಣುತ್ತಿತ್ತು. ಮತ್ತೆ ನೀರು.

ಮೂರನೆಯವನಾಗಿ ನಾನು ಹೋದೆ. ಯೂನಿಟ್ಟನ್ನು ನೆಟ್ಟಗೆ ಮಾಡಿದೆ. ಹೆಚ್ಚಾಗಿದ್ದ ಗ್ಯಾಸನ್ನು ಲೆಕ್ಕಕ್ಕೆ ತಂದೆ. ಫಿಲ್ಟರಿನಲ್ಲಿ ಕಂದುಬಣ್ಣದ ಅಂಟು ಇತ್ತು. ಕಿಟಕಿಯಿಂದ ನೋಡಿದರೆ ಅಕ್ಕಿ ಗಿರಣಿ. ನನಗೆ ಇನ್ನೇನು ಬೇಕು? ತವುಡಿನ ಧೂಳು ಎಂದು ತೀರ್ಪು ಕೊಟ್ಟೆ. ಫಿಲ್ಟರನ್ನೂ ಕಾಯಿಲನ್ನೂ ನೀರಿನ ಪಂಪ್ ಹಾಕಿ ತೊಳೆದೆ, ಕಿಟಕಿಯ ಸಂದಿಗೆಲ್ಲ ಟೇಪ್ ಅಂಟಿಸಿದೆ. ಹಿಂದಿನ ಇಬ್ಬರನ್ನೂ ಶಿವಣ್ಣನವರ ಮುಂದೆ ಮನಸಾರೆ ಬೈದೆ. ಎಂಟು ದಿನ ಸರಿಯಿತ್ತು. ಒಂಬತ್ತನೇ ದಿನ ನೀರು ಮಗುವಿನ ಸೊಳ್ಳೆಪರದೆಯ ಮೇಲೆ ಬಿತ್ತು. ಮತ್ತೆ ಹೋಗಿ ಮತ್ತೆ ತೊಳೆದೆ. ಮತ್ತೆ ಒಂಬತ್ತನೇ ದಿನ. ಆಗ ಶಿವಣ್ಣ ಫೋನಿನಲ್ಲಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

"ಸಾಬ್ರೇ, ಇನ್ನೊಂದು ಕಿತ ಬಂದು ನೋಡಿ. ಅದ್ಕೂ ಆಗ್ನಿಲ್ಲ ಅಂದ್ರೆ ಕಿತ್ತು ನಾಲೆಗೆ ಎಸೀತೀನಿ. ಕೂಸು ಒದ್ದಾಡ್ತಾ ಐತೆ ಕಣ್ರೀ."

ಇತ್ತ ನಮ್ಮ ಮನೆಯಲ್ಲಿ ಬೇರೆ ಜಗಳ. ಸರ್ಟಿಫಿಕೇಟು ಬಂದಾಗಿನಿಂದ ಮುಬೀನಾ ಕೆಲಸಕ್ಕೆ ಹೊರಡುತ್ತೇನೆ ಎನ್ನುತ್ತಿದ್ದಳು. ಇಲಿಯಾಸ್ ಒಪ್ಪುತ್ತಿರಲಿಲ್ಲ. ಹುಡುಗಿ ಕಂಡವರ ಮನೆಯಲ್ಲಿ ಏಣಿ ಹತ್ತುವುದು ಬೇಡ, ಅಂಗಡಿಯಲ್ಲಿ ಕೂತು ಫೋನ್ ಎತ್ತಲಿ ಎನ್ನುತ್ತಿದ್ದ. ಶಿವಣ್ಣನವರ ಫೋನ್ ಬಂದ ದಿನ ಅವನಿಗೆ ಎಚ್.ಡಿ. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟ್‌ನಲ್ಲಿ ಕೆಲಸವಿತ್ತು, ನನ್ನ ಮಂಡಿ ಏಣಿ ಹತ್ತುವ ಸ್ಥಿತಿಯಲ್ಲಿರಲಿಲ್ಲ. ಮುಬೀನಾಳನ್ನು ಕರೆದುಕೊಂಡು ಹೋಗುತ್ತೇನೆ ಎಂದೆ. ಇಲಿಯಾಸ್ ನನ್ನ ಕಡೆ ತಿರುಗಿ ಹೇಳಿದ:

"ಹೋಗಲಿ. ಆದರೆ ಅಲ್ಲಿ ಮತ್ತೆ ನೀರು ಬಿದ್ದರೆ ಇನ್ನು ಈ ಮಾತು ಎತ್ತಬಾರದು. ನೀವೂ ಅಷ್ಟೇ, ಅಬ್ಬಾ."

ನನ್ನ ಕೈಯಲ್ಲೇ ಆಗದ ಕೆಲಸದ ಮೇಲೆ ಅವಳ ಹಣೆಬರಹ ಕಟ್ಟಿದ. ಅವಳು ಆಗಲಿ ಎಂದು ಸ್ಕೂಟರಿಗೆ ಬ್ಯಾಗ್ ಕಟ್ಟಿದಳು. ನಾನು ಹಿಂದೆ ಕೂತೆ.

ಆ ಮನೆಯಲ್ಲಿ ಒಂದು ಪದ್ಧತಿ. ಎಷ್ಟೋ ಮನೆಗಳಲ್ಲಿ ಇರುವುದೇ. ಬಾಣಂತಿ ಇರುವಾಗ ಹೊರಗಿನ ಗಂಡಸು ಕೋಣೆಗೆ ಕಾಲಿಡುವ ಹಾಗಿಲ್ಲ. ನಾನು ಹೋದ ಎರಡು ಸಲವೂ ತಾಯಿಯನ್ನೂ ಮಗುವನ್ನೂ ಬೇರೆ ಕಡೆ ಸಾಗಿಸಿ, ಕೋಣೆ ಗುಡಿಸಿ, ಕಿಟಕಿ ತೆರೆದಿಟ್ಟು, ಆಮೇಲೆ ನನ್ನನ್ನು ಕರೆದಿದ್ದರು. ಹಿಂದಿನ ಇಬ್ಬರಿಗೂ ಹಾಗೆಯೇ. ಈ ಸಲ ನಾವು ಹೋದಾಗ ಮಗುವಿನ ಸ್ನಾನದ ಹೊತ್ತು. ಶಿವಣ್ಣನವರ ಹೆಂಡತಿ ಜಯಮ್ಮ ನನ್ನನ್ನು ಜಗುಲಿಯಲ್ಲೇ ಕೂರಲು ಹೇಳಿ, ಮುಬೀನಾಳ ಕಡೆ ತಿರುಗಿದರು.

"ನೀನು ಬಾ ಮಗ ಒಳಕ್ಕೆ. ಹೆಣ್ಣುಮಗು, ನಿಂಗೇನು."

ನಾನು ಜಗುಲಿಯಲ್ಲಿ ಕೂತು ನಶ್ಯ ಏರಿಸುತ್ತಾ, ಶಿವಣ್ಣನವರಿಗೆ ಗ್ಯಾಸ್ ಗಿರಾಕಿಗಳ ಪುರಾಣ ಹೇಳಿದೆ. ಪಿರಿಯಾಪಟ್ಟಣದಲ್ಲೊಬ್ಬ ಫ್ಯಾನಿಗೂ ಗ್ಯಾಸ್ ಕಡಿಮೆ ಎಂದಿದ್ದ ಎಂದು ಸುಳ್ಳು ಸೇರಿಸಿದೆ. ಆ ಮನುಷ್ಯ ನಗಲಿಲ್ಲ. ಮುಕ್ಕಾಲು ಗಂಟೆಯಾದ ಮೇಲೆ ಮುಬೀನಾ ಬಾಗಿಲಿಗೆ ಬಂದಳು.

"ದಾದಾ, ಗಿರಣಿ ಧೂಳಲ್ಲ ಇದು."

ನಾನು ನಕ್ಕೆ, ಅದೂ ಅವರೆಲ್ಲರ ಮುಂದೆ. ನಲವತ್ತೊಂದು ವರ್ಷದ ಕಣ್ಣಿಗೆ ಕಾಣದ್ದು ನಿನ್ನ ಎರಡು ವರ್ಷದ ಐಟಿಐಗೆ ಕಂಡಿತೇ ಎಂದೆ. ಆ ಮಾತು ಆಡಿದ್ದಕ್ಕೆ ಈಗಲೂ ನನ್ನ ನಾಲಿಗೆಗೆ ಬೆಂಕಿ ಹಾಕಬೇಕು ಅನ್ನಿಸುತ್ತದೆ. ಅವಳು ಜಗಳವಾಡಲಿಲ್ಲ. ಯೂನಿಟ್ಟಿನ ಒಳಗೆ ಒರೆಸಿದ ಬಿಳಿ ಬಟ್ಟೆಯನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ನನಗೆ ನಶ್ಯದ ಘಾಟು ಬಿಟ್ಟರೆ ಏನೂ ತಿಳಿಯಲಿಲ್ಲ. ಅದನ್ನೇ ಜಯಮ್ಮನವರಿಗೆ ಹಿಡಿದಳು. ಅವರ ಹುಬ್ಬು ಮೇಲೇರಿತು.

"ಇದು ನಮ್ಮ ಸಾಂಬ್ರಾಣಿ ಅಲ್ವಾ?"

ಒಳಗೆ ಮುಬೀನಾ ಕಂಡದ್ದು ಇಷ್ಟು. ಮಗುವಿಗೆ ಎಣ್ಣೆ ನೀರು ಹಾಕಿ ಕೋಣೆಗೆ ತಂದರು. ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿದರು. ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಬೆಳ್ಳುಳ್ಳಿ ಸಿಪ್ಪೆ, ಓಮ ಹಾಕಿ, ತಾಯಿಯ ಕೂದಲಿಗೂ ಮಗುವಿಗೂ ಹೊಗೆ ಹಿಡಿದರು. ಮಗುವಿಗೆ ಸೆಕೆಯಾಗಬಾರದು ಎಂದು ಏಸಿಯನ್ನೂ ಹಾಕಿದರು. ಹೊಗೆಯೆಲ್ಲ ನೆಟ್ಟಗೆ ಮೇಲೆದ್ದು ಯೂನಿಟ್ಟಿನೊಳಗೆ ಹೋಯಿತು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ದಿನಾ ಹೀಗೆಯೇ ಎಂದು ಕಾವ್ಯ ಹೇಳಿದಳಂತೆ. ಗಂಡಸು ಬರುವ ಮುಂಚೆ ಅಗ್ಗಿಷ್ಟಿಕೆ ಹಿತ್ತಲಿಗೆ ಹೋಗುತ್ತಿತ್ತು, ಕಿಟಕಿ ತೆರೆದು ಹೊಗೆಯೂ ಹೋಗುತ್ತಿತ್ತು. ಮೂವರು ಗಂಡಸರು ನೋಡಿದ್ದು ಗುಡಿಸಿದ ಕೋಣೆ.

ನಮ್ಮ ಮನೆಯಲ್ಲೂ ಪ್ರತಿ ಗುರುವಾರ ಸಂಜೆ ನನ್ನ ಹೆಂಡತಿ ಲೋಬಾನ ಹಾಕುತ್ತಾಳೆ. ಅದೂ ಇದೇ ವಸ್ತು. ಆ ಹೊಗೆಯಲ್ಲೇ ಬೆಳೆದ ಹುಡುಗಿಗೆ ಬಟ್ಟೆ ಮೂಸಿದ ಕೂಡಲೇ ತಿಳಿಯಿತು. ಆ ಹೊಗೆಯಲ್ಲೇ ಮುದುಕನಾದ ನನಗೆ ತಿಳಿಯಲಿಲ್ಲ.

ಆದರೆ ನನಗೆ ಕಪಾಳಕ್ಕೆ ಬಿದ್ದದ್ದು ಆಮೇಲೆ. ಅವಳು ಬ್ಲೋವರನ್ನೇ ಹೊರಕ್ಕೆ ತೆಗೆದು ಹಳೆಯ ಪೇಪರಿನ ಮೇಲಿಟ್ಟು ಜಗುಲಿಗೆ ತಂದಳು. ರೆಕ್ಕೆ ರೆಕ್ಕೆಗೂ ಜೋನಿಬೆಲ್ಲ ಮೆತ್ತಿದ ಹಾಗೆ ಕಪ್ಪು ಅಂಟು. ಅಂಥ ರೆಕ್ಕೆ ಗಾಳಿ ಎಳೆಯುವುದಾದರೂ ಹೇಗೆ? ಬ್ಲೋವರ್ ತೆಗೆಯಬೇಕಾದರೆ ಕಾಯಿಲ್ ಎತ್ತಿ, ಮೋಟಾರಿನ ಸ್ಕ್ರೂ ಬಿಚ್ಚಿ, ಮುಕ್ಕಾಲು ಗಂಟೆ ಕತ್ತು ನೋಯಿಸಿಕೊಳ್ಳಬೇಕು. ಅದಕ್ಕೇ ಯಾರೂ ತೆಗೆಯುವುದಿಲ್ಲ. ಮುಂದಿನದನ್ನು ತೊಳೆದು ಫಳಫಳ ಮಾಡಿ ಬರುತ್ತಾರೆ. ಎರಡು ಸಲ ಹೋದ ನಾನೂ ಅದನ್ನೇ ಮಾಡಿದ್ದೆ. ಮುಖ ತೊಳೆದು ಬೆನ್ನು ಬಿಟ್ಟಿದ್ದೆ. ಟೀ ಶರ್ಟ್ ಹಾಕಿರಲಿಲ್ಲ ಎನ್ನುವುದನ್ನು ಬಿಟ್ಟರೆ ಆ ಇಬ್ಬರಿಗೂ ನನಗೂ ಏನೂ ವ್ಯತ್ಯಾಸವಿರಲಿಲ್ಲ.

ಅವಳು ಆಗಲೇ ತೋಳು ಮಡಿಸುತ್ತಿದ್ದಳು.

ಬರೀ ತಣ್ಣೀರಿಗೆ ಆ ಅಂಟು ಬಿಡುವುದಿಲ್ಲ. ಬಿಸಿ ಹೆಚ್ಚಾದರೆ ಪ್ಲಾಸ್ಟಿಕ್ ರೆಕ್ಕೆ ಸೊಟ್ಟಗಾಗುತ್ತದೆ. ಮುಬೀನಾ ಬಚ್ಚಲ ಹಂಡೆಯಿಂದ ನೀರು ತೋಡಿ, ಉಗುರುಬೆಚ್ಚಗೆ ಬೆರೆಸಿ, ಸೋಪಿನ ಪುಡಿ ಹಾಕಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ಒಂದೊಂದೇ ರೆಕ್ಕೆ ಉಜ್ಜಿದಳು. ನಾನು ನೀರು ಹೊಯ್ದೆ. ಆ ದಿನ ಸಹಾಯಕ ನಾನು.

ಇನ್ನು ಜಯಮ್ಮನವರ ಸರದಿ. ಅವರಿಗೆ ಕೋಪ ಬಂದಿತ್ತು.

"ಅಂಗಾದ್ರೆ ಸಾಂಬ್ರಾಣಿ ನಿಲ್ಲಿಸಬೇಕಾ? ಸಾಂಬ್ರಾಣಿ ಇಲ್ದೆ ಯಾರ್ ಮಾಡ್ತಾರವ್ವ ಬಾಣಂತನ?"

ನಾನಾಗಿದ್ದರೆ ನಿಲ್ಲಿಸಿ ಎಂದು ಗದರಿಬಿಡುತ್ತಿದ್ದೆ, ಅವರು ಸಿಟ್ಟಿಗೆ ಇನ್ನೆರಡು ಹಿಡಿ ಹಾಕುತ್ತಿದ್ದರು. ಮುಬೀನಾ ಕೈ ಒರೆಸಿಕೊಂಡು ಹೇಳಿದಳು:

"ಬೇಡ ಅನ್ನಲ್ಲಮ್ಮ, ನಮ್ಮನೇಲೂ ಹಾಕ್ತಾರೆ. ಅಕ್ಕನ ತಲೆಗೂದಲಿಗೆ ನಡುಮನೇಲಿ ಹಾಕ್ಕೊಳ್ಳಿ. ಈ ಕೋಣೆ ಬಾಗಿಲು ಮುಚ್ಚಿರಲಿ. ಮಗು ಹತ್ರ ಮಾತ್ರ ಹೊಗೆ ತರಬೇಡಿ, ಏಸಿ ರೆಕ್ಕೆಗೇ ಇಷ್ಟು ಮೆತ್ತಿದೆ."

ಜಯಮ್ಮ ಆ ಕಪ್ಪು ನೀರನ್ನು ನೋಡಿದರು. ಆಮೇಲೆ ಒಳಗಿದ್ದ ಮಗುವಿನ ಕಡೆ ನೋಡಿದರು. ಅಗ್ಗಿಷ್ಟಿಕೆ ಎತ್ತಿ ನಡುಮನೆಗೆ ಒಯ್ದರು. ಕಾವ್ಯ ಮಾತ್ರ ಒಳಗಿನಿಂದಲೇ, ನಾನು ಕೆಮ್ಮು ಬತ್ತದೆ ಅಂದಾಗ ಯಾರ್ ಕೇಳುದ್ರಿ ಎಂದು ಗೊಣಗಿದಳು.

ಎಲ್ಲ ಜೋಡಿಸಿ ಎರಡು ಗಂಟೆ ಓಡಿಸಿದೆವು. ಸೋರಿದರೆ ತಿಳಿಯಲೆಂದು ನೆಲದ ಮೇಲೆ ಇಟ್ಟ ತಟ್ಟೆ ಒಣಗಿಯೇ ಇತ್ತು. ಆದರೆ ನನಗೆ ಗೊತ್ತಿತ್ತು, ನಾನು ತೊಳೆದಾಗಲೂ ತಟ್ಟೆ ಎರಡು ಗಂಟೆ ಒಣಗಿಯೇ ಇತ್ತು. ಪರೀಕ್ಷೆ ಇರುವುದು ಒಂಬತ್ತನೇ ದಿನ. ಆ ಒಂಬತ್ತು ದಿನ ಅಂಗಡಿಯ ಫೋನ್ ಬಡಿದುಕೊಂಡಾಗಲೆಲ್ಲ ನನ್ನ ಎದೆಯೂ ಬಡಿದುಕೊಂಡಿತು. ಮುಬೀನಾ ಅಪ್ಪ ಹೇಳಿದಂತೆ ಕೂತು ಫೋನ್ ಎತ್ತುತ್ತಿದ್ದಳು, ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಇಲಿಯಾಸ್ ಕ್ಯಾಲೆಂಡರಿನ ಕಡೆ ನೋಡುವುದನ್ನು ನಾನು ಎರಡು ಸಲ ಹಿಡಿದೆ.

ಹತ್ತನೇ ದಿನ, ಅಂದರೆ ನಿನ್ನೆ ಬೆಳಗ್ಗೆ, ಶಿವಣ್ಣ ಫೋನ್ ಮಾಡಿದರು. ಮುಬೀನಾ ಫೋನನ್ನು ನನ್ನ ಕೈಗೆ ಕೊಟ್ಟಳು. ನಾನು ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದೆ.

"ಒಂದ್ ತೊಟ್ಟೂ ಬಿದ್ದಿಲ್ಲ ಸಾಬ್ರೇ. ಮಗ ಚೆನ್ನಾಗಿ ಮಲಗ್ತಾನೆ. ನಮ್ಮ ಭಾವನ ಮನೇದೂ ಒಂದು ಏಸಿ ಐತೆ, ನಿಮ್ಮ ಹುಡ್ಗೀನ ಕಳ್ಸಿ. ನೀವು ಬರಾದೇನೂ ಬ್ಯಾಡ, ಮಂಡಿ ನೋವು ಅಂತಿದ್ರಲ್ಲ."

ನಲವತ್ತೊಂದು ವರ್ಷದ ಕಸುಬಿನಲ್ಲಿ ಯಾರಾದರೂ ಬರಬೇಡಿ ಎಂದದ್ದಕ್ಕೆ ನಾನು ಸಂತೋಷಪಟ್ಟದ್ದು ಅದೊಂದೇ ಸಲ.

ಗ್ಯಾಸ್ ಗಿರಾಕಿಗಳ ಮೇಲಿನ ನನ್ನ ತಿರಸ್ಕಾರ ಈಗಲೂ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಅವರು ಅದಕ್ಕೆ ಯೋಗ್ಯರು. ಆದರೆ ಬೇರೆಯವರನ್ನು ಬೈಯುವುದರಲ್ಲಿ ಮುಳುಗಿದ ಮಿಸ್ತ್ರಿ ತನ್ನ ಸ್ಕ್ರೂಡ್ರೈವರ್ ಎಲ್ಲಿಯವರೆಗೆ ಹೋಯಿತು ಎಂದು ನೋಡಿಕೊಳ್ಳುವುದಿಲ್ಲ. ಯಂತ್ರ ಕೆಟ್ಟಾಗ ಯಂತ್ರದ ಒಳಗೆ ಮಾತ್ರವಲ್ಲ, ಆ ಕೋಣೆಯಲ್ಲಿ ಜನ ಬೆಳಗಿನಿಂದ ಸಂಜೆವರೆಗೆ ಹೇಗೆ ಬದುಕುತ್ತಾರೆ ಎಂದೂ ನೋಡಬೇಕು. ಇದನ್ನು ಕಲಿಸಿದವಳು ನನ್ನ ಮೊಮ್ಮಗಳು. ನಶ್ಯದ ಡಬ್ಬಿಯನ್ನು ನಿನ್ನೆಯೇ ಬಿಸಾಡಿದ್ದೇನೆ, ನೋಡೋಣ.

ಸಂಜೆ ನನ್ನ ಹೆಂಡತಿ ಕುಷ್ಕಾ ಅನ್ನ, ಅದಕ್ಕೆ ದಾಲ್ಚಾ ಸಾರು ಮಾಡಿದಳು, ಮೇಲೆ ಶಾವಿಗೆ ಪಾಯಸ. ಮಗಳು ಅಳಿಯ ಪಿರಿಯಾಪಟ್ಟಣದಿಂದ ಬಂದರು. ಚಾಪೆ ಮೇಲೆ ಊಟದ ಬಟ್ಟೆ, ದಸ್ತರಖಾನ್ ಹಾಸಿ ಎಲ್ಲರೂ ಸುತ್ತ ಕೂತೆವು. ನಾನು ಕತೆಯನ್ನು ಮೊದಲಿನಿಂದ ಶುರುಮಾಡಿದೆ. ಹೆಂಡತಿ ನನ್ನ ತಟ್ಟೆಗೆ ಇನ್ನೊಂದು ಸೌಟು ಹಾಕಿ ಬಾಯಿ ಮುಚ್ಚಿಸಿದಳು. ಇಲಿಯಾಸ್ ಅಷ್ಟು ಹೊತ್ತೂ ತಲೆ ತಗ್ಗಿಸಿ ಊಟ ಮಾಡುತ್ತಿದ್ದ. ಪಾಯಸ ಬಂದ ಮೇಲೆ ಮಗಳ ಕಡೆ ನೋಡದೆಯೇ ಕೇಳಿದ:

"ನಾಳೆ ಪಿರಿಯಾಪಟ್ಟಣದಾಚೆ ಕೊಪ್ಪದಲ್ಲಿ ಎರಡು ಸರ್ವಿಸ್ ಇದೆ. ನೀನು ಹೋಗ್ತೀಯೋ, ನಾನು ಹೋಗಲೋ?"

"ನಾನು ಹೋಗ್ತೀನಿ," ಎಂದಳು ಮುಬೀನಾ. "ನೀವು ಫೋನ್ ಎತ್ತಿ."

ಮೊದಲು ನಕ್ಕವನು ಇಲಿಯಾಸನೇ. ಆಮೇಲೆ ಯಾರು ನಕ್ಕರು, ಯಾರ ಕಣ್ಣಲ್ಲಿ ನೀರಿತ್ತು ಎಂದು ನಾನು ನೋಡಲಿಲ್ಲ. ನನ್ನ ಬಟ್ಟಲಿನ ಪಾಯಸವನ್ನು ಅವಳ ಬಟ್ಟಲಿಗೆ ಸುರಿಯುತ್ತಿದ್ದೆ.